ಬೆರಳು ಸವೆದರೆ ನಾವು ನಾವಲ್ಲವೇ?

ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಹುಣಸೆಹಣ್ಣು ಕಿವುಚಿ ನಿಮ್ಮ ಹೆಬ್ಬೆರಳಿನ ಗೆರೆಗಳು ಎಷ್ಟು ಸವೆದಿವೆ ಅಂತ ಎಂದಾದರೂ ನೋಡಿಕೊಂಡಿದ್ದೀರಾ? ಈಗ ಪಡಿತರದ ಅಕ್ಕಿಯಿಂದ ಪಿಂಚಣಿಯವರೆಗೆ ಆ ಗೆರೆಗಳೇ ನಮಗೆ ಸಾಕ್ಷಿ. ಮೂವತ್ತು ವರ್ಷದಿಂದ ನಮ್ಮನ್ನು ಬಲ್ಲ ನ್ಯಾಯಬೆಲೆ ಅಂಗಡಿಯವರು "ಇವರೇ ಕಣ್ರೀ" ಎಂದರೂ ಆ ಪುಟ್ಟ ಯಂತ್ರ ಒಪ್ಪೋದಿಲ್ಲ!

ಹಾಗಂತ ಬರಿಗೈಲಿ ಮನೆಗೆ ಬರಬೇಡಿ. ಕೈ ತೊಳೆದು ಒರೆಸಿ ಬೇರೆ ಬೆರಳು ಕೊಟ್ಟು ನೋಡಿ. ಆಧಾರ್ ಮಾಡಿಸುವಾಗ ಹತ್ತು ಬೆರಳಿನ ಜೊತೆ ಎರಡೂ ಕಣ್ಣಿನ ಪಾಪೆ, ಮುಖದ ಚಿತ್ರ ತೆಗೆದುಕೊಂಡದ್ದು ನೆನಪಿದೆಯಲ್ಲ? ಬೆರಳು ಹೊಂದದ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಿಸಬಾರದೆಂದು ಆಧಾರ್ ಪ್ರಾಧಿಕಾರವೇ 2017ರಲ್ಲಿ ಸುತ್ತೋಲೆ ಕಳಿಸಿದೆ. ಧೈರ್ಯವಾಗಿ ಕೇಳಿ.

ಇನ್ನೊಂದು ದಾರಿ ಫೋನಿಗೆ ಬರುವ ಓಟಿಪಿ. ನಮ್ಮ ಹೆಂಗಸರಿಗೆ ತೊಡಕು ಇರುವುದು ಇಲ್ಲೇ. ಆಧಾರಿಗೆ ಕೊಟ್ಟಿರೋದು ಯಜಮಾನರ ನಂಬರೋ, ದೂರದೂರಲ್ಲಿರುವ ಮಗನ ನಂಬರೋ ಆಗಿರುತ್ತೆ. ಅವನು ಕೆಲಸದಲ್ಲಿದ್ದರೆ ಇಲ್ಲಿ ನಾವು ಯಾರೂ ಅಲ್ಲ! ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮದೇ ನಂಬರು ಸೇರಿಸಿಕೊಳ್ಳಿ. ಬೆರಳಚ್ಚನ್ನೂ ಹೊಸದಾಗಿ ಕೊಟ್ಟು ಬನ್ನಿ. ಅನುಮಾನವಿದ್ದರೆ 1947ಕ್ಕೆ ಫೋನ್ ಮಾಡಿ, ದುಡ್ಡು ಬೀಳೋದಿಲ್ಲ. ಆದರೆ ಯಾರೋ ಅಪರಿಚಿತರು ಫೋನ್ ಮಾಡಿ ಕೇಳಿದರೆ ಓಟಿಪಿ ಹೇಳಲೇಬೇಡಿ.

ನಮ್ಮ ಅತ್ತೆಯವರಿಗೆ 76 ವರ್ಷ. ಮಾವನವರ ಪಿಂಚಣಿ ಬರುತ್ತೆ. ನವೆಂಬರ್ ಬಂತೆಂದರೆ ತಾವು ಬದುಕಿದ್ದೇವೆಂದು ರುಜುವಾತು ಮಾಡಬೇಕು. ಹೋದ ವರ್ಷ ಯಂತ್ರ ಅವರ ಒಂದು ಬೆರಳನ್ನೂ ಒಪ್ಪಲಿಲ್ಲ. "ಎದುರಿಗೇ ನಿಂತಿದ್ದೀನಲ್ಲೇ, ಇನ್ನೇನು ಬೇಕಂತೆ ಇದಕ್ಕೆ?" ಅಂತ ನನ್ನನ್ನೇ ಕೇಳಿದರು. ಏನು ಹೇಳಲಿ!

ಈ ಬದುಕಿನ ಪತ್ರವನ್ನು ಅಂತರ್ಜಾಲದಲ್ಲಿ ಕೊಡುವ 'ಜೀವನ್ ಪ್ರಮಾಣ್' ಶುರುವಾದದ್ದು 2014ರ ನವೆಂಬರಿನಲ್ಲಿ. 2021ರಿಂದ ಬೆರಳಿನ ಬದಲು ಮುಖ ತೋರಿಸಿದರೂ ನಡೆಯುತ್ತೆ. ಸ್ಮಾರ್ಟ್ ಫೋನಿನಲ್ಲಿ 'ಜೀವನ್ ಪ್ರಮಾಣ್' ಮತ್ತು 'ಆಧಾರ್ ಫೇಸ್ ಆರ್‌ಡಿ' ಎರಡೂ ಆಪ್ ಇರಬೇಕು. ಮಗಳು ಅತ್ತೆಯವರನ್ನು ಕಿಟಕಿಯ ಬೆಳಕಿಗೆ ಮುಖಮಾಡಿ ಕೂರಿಸಿದಳು. ಯಾರದೋ ಫೋಟೋ ಹಿಡಿದು ಮೋಸ ಮಾಡಬಾರದಲ್ಲ, ಅದಕ್ಕೇ ಕಣ್ಣು ಮಿಟುಕಿಸಬೇಕು. ಅವರು ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತಿದ್ದರು! ಮೂರನೇ ಸಲಕ್ಕೆ ಆಯ್ತು.

ಅಂಥ ಫೋನ್ ಇಲ್ಲದ ಮನೆಗೆ ಅಂಚೆಯವರೇ ಬಂದು ಮಾಡಿಕೊಡುವ ಏರ್ಪಾಡು 2020ರಿಂದ ಇದೆ. ಅಂಚೆ ಕಚೇರಿಯಲ್ಲಿ ಮುಂಚೆಯೇ ಹೇಳಿಡಿ. ನವೆಂಬರಿನಲ್ಲಿ ಅಲ್ಲಿ ಕಾಲಿಡೋಕೂ ಜಾಗ ಇರೋಲ್ಲ.