ಮೂಲ ಕಾಂಡವೇ ಇಲ್ಲದೆ 100 ವರ್ಷ: ಹೌರಾದ ಮಹಾ ಆಲದ ಮರ ಬದುಕಿರುವುದು ಹೇಗೆ?

ರಜೆಗೆಂದು ಕೋಲ್ಕತ್ತಾಗೆ ಹೋದವರು ವಿಕ್ಟೋರಿಯಾ ಸ್ಮಾರಕ, ಹೌರಾ ಸೇತುವೆ, ದಕ್ಷಿಣೇಶ್ವರ ನೋಡಿ ವಾಪಸಾಗುವುದೇ ಹೆಚ್ಚು. ಆದರೆ ಹೂಗ್ಲಿ ನದಿಯ ಆಚೆ ದಡದಲ್ಲಿ, ಹೌರಾದ ಶಿಬಪುರದಲ್ಲಿರುವ ಆಚಾರ್ಯ ಜಗದೀಶ್ ಚಂದ್ರ ಬೋಸ್ ಸಸ್ಯೋದ್ಯಾನಕ್ಕೆ ಅರ್ಧ ದಿನ ಮೀಸಲಿಟ್ಟರೆ ಒಂದು ಅಚ್ಚರಿ ಕಾದಿರುತ್ತದೆ. ದೂರದಿಂದ ಪುಟ್ಟ ಕಾಡಿನಂತೆ ಕಾಣುವ ಅದು ಒಂದೇ ಒಂದು ಆಲದ ಮರ!

ಕಂಪನಿ ಕಾಲದ ತೋಟ

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ರಾಬರ್ಟ್ ಕಿಡ್ 1787ರಲ್ಲಿ ಈ ತೋಟ ಆರಂಭಿಸಿದರು. ತೇಗ, ಸಾಂಬಾರ ಪದಾರ್ಥಗಳಂಥ ಲಾಭದ ಬೆಳೆಗಳನ್ನು ಬೆಳೆಸಿ ನೋಡುವುದು ಆಗಿನ ಉದ್ದೇಶ. ನಂತರ ಬಂದ ವಿಲಿಯಂ ರಾಕ್ಸ್‌ಬರ್ಗ್ ದೇಶದ ನಾನಾ ಭಾಗಗಳ ಗಿಡಗಳನ್ನು ತರಿಸಿ ಅಧ್ಯಯನ ನಡೆಸಿದರು. ಸುಮಾರು 270 ಎಕರೆಯ ಈ ಉದ್ಯಾನ ಈಗ ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಯ ಆಡಳಿತದಲ್ಲಿದೆ.

ಕಾಂಡ ಹೋದರೂ ಮರ ಉಳಿಯಿತು

ಮರದ ವಯಸ್ಸು 250 ವರ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. 1864 ಮತ್ತು 1867ರ ಚಂಡಮಾರುತಗಳಿಗೆ ಕೊಂಬೆಗಳು ಮುರಿದು, ಗಾಯವಾದ ಜಾಗಕ್ಕೆ ಶಿಲೀಂಧ್ರ ತಗುಲಿತು. ಕೊಳೆತ ಮೂಲ ಕಾಂಡವನ್ನು 1925ರಲ್ಲಿ ತೆಗೆಯಲೇಬೇಕಾಯಿತು. ಆಗ ಅದರ ಸುತ್ತಳತೆ 15 ಮೀಟರ್‌ಗೂ ಹೆಚ್ಚಿತ್ತು.

ಬೇರೆ ಮರವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಲದ ಕೊಂಬೆಯಿಂದ ಇಳಿಯುವ ಬಿಳಲು ನೆಲ ಮುಟ್ಟಿದ ಮೇಲೆ ಬೇರೂರಿ ದಪ್ಪವಾಗುತ್ತದೆ. ಕೊಂಬೆಗೆ ಊರುಗೋಲಾಗುವುದರ ಜೊತೆಗೆ ನೀರು, ಪೋಷಕಾಂಶಗಳನ್ನೂ ಒದಗಿಸುತ್ತದೆ. ಇಂಥ 3,000ಕ್ಕೂ ಹೆಚ್ಚು ಬಿಳಲುಗಳೇ ಇಂದು ಈ ಮರವನ್ನು ಹೊತ್ತು ನಿಂತಿವೆ. ಮರದ ಸುತ್ತ ಹಾಕಿದ್ದ 330 ಮೀಟರ್ ರಸ್ತೆಯನ್ನೂ ದಾಟಿ ಅದು ಹಬ್ಬಿದೆ. ಬೆಂಗಳೂರು ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರವೂ ಹೀಗೆಯೇ ರೋಗಕ್ಕೆ ಮೂಲ ಕಾಂಡ ಕಳೆದುಕೊಂಡು ಬಿಳಲುಗಳ ಮೇಲೆ ಬದುಕಿದೆ.

ಬಿಳಲು ಮುಟ್ಟಬೇಡಿ

2020ರ ಮೇ ತಿಂಗಳಲ್ಲಿ ಅಪ್ಪಳಿಸಿದ ಅಂಫಾನ್ ಚಂಡಮಾರುತಕ್ಕೆ ಉದ್ಯಾನದ ಅನೇಕ ಮರಗಳು ಉರುಳಿದವು, ಈ ಆಲಕ್ಕೂ ಪೆಟ್ಟಾಯಿತು. ಇಂಥ ಹಾನಿ ತುಂಬಬೇಕಾದದ್ದು ಈಗ ನೇತಾಡುತ್ತಿರುವ ಎಳೆ ಬಿಳಲುಗಳೇ. ಅವುಗಳ ತುದಿ ಮುರಿದರೆ ನಾಳಿನ ಒಂದು ಕಂಬವೇ ಹೋದಂತೆ. ಹಾಗಾಗಿ ಬಿಳಲು ಹಿಡಿದು ಜೋಕಾಲಿ ಆಡುವುದು, ಹೆಸರು ಕೆತ್ತುವುದು ಬೇಡ.

ಹೋಗುವುದು ಹೇಗೆ?

ಹೌರಾ ರೈಲು ನಿಲ್ದಾಣದಿಂದ ಬಸ್, ಟ್ಯಾಕ್ಸಿ ಸಿಗುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಉದ್ಯಾನ ವಿಶಾಲವಾಗಿರುವುದರಿಂದ ಬೆಳಗ್ಗೆಯೇ ಹೋಗಿ, ಕುಡಿಯುವ ನೀರು ಜೊತೆಗಿರಲಿ. ವಾರದ ರಜೆ ಮತ್ತು ಪ್ರವೇಶ ಸಮಯವನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ.