ಪಂಚಾಂಗ ಹಾಕುವ ಮುನ್ನ ಲೆಕ್ಕ ಹಾಕೋಣ

ಸೆಪ್ಟೆಂಬರ್ 8ರ ತೆನೆಹಬ್ಬ ಕಳೆದು ಮಳೆ ಹಿಂದೆ ಸರಿಯುತ್ತಲೇ ಕುಂದಾಪುರ, ಬೈಂದೂರು, ಬ್ರಹ್ಮಾವರದ ಊರುಗಳಲ್ಲಿ ಮುರಕಲ್ಲಿನ ಲಾರಿಗಳ ಓಡಾಟ ಆರಂಭವಾಗುತ್ತದೆ. ಧರ್ಮಗುರುಗಳನ್ನು ಕರೆದು ಅಡಿಗಲ್ಲಿಗೆ ಆಶೀರ್ವಾದ ಪಡೆಯುವ ಕುಟುಂಬಗಳ ಸಂಭ್ರಮವನ್ನು ಕಂಡಾಗ ನಮಗೂ ಸಂತೋಷವಾಗುತ್ತದೆ. ಸ್ವಂತ ಸೂರಿನ ಆಸೆ ಸಹಜವಾದುದು, ಗೌರವದ್ದು. ಆದರೆ ಅದೇ ಊರುಗಳಲ್ಲಿ ತಾರಸಿ ಬಿದ್ದು ಗಿಲಾವಿ ಕಾಣದೆ ನಿಂತ ಮನೆಗಳೂ, ಕಂತಿನ ಚಿಂತೆಯಿಂದ ನಿದ್ದೆಗೆಟ್ಟ ಹಿರಿಯರೂ ಇದ್ದಾರೆ ಎಂಬುದನ್ನು ನಾವು ಮರೆಯುವಂತಿಲ್ಲ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ದೃಷ್ಟಾಂತವು ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಶಿಷ್ಯತ್ವದ ಬೆಲೆಯನ್ನು ತಿಳಿಸಲು ಅವರು ಹೇಳಿದ ಆ ಮಾತು ಮನೆ ಕಟ್ಟುವವನಿಗೆ ಅಕ್ಷರಶಃ ಅನ್ವಯಿಸುತ್ತದೆ.

ನಮ್ಮ ಸಮಾಜ ಬಾಂಧವರಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಎಲ್ಲಿ? ಮಗನೋ ಮಗಳೋ ಕೊಲ್ಲಿ ರಾಷ್ಟ್ರದಲ್ಲಿ, ಇಸ್ರೇಲಿನಲ್ಲಿ ಅಥವಾ ಹಡಗಿನಲ್ಲಿ ದುಡಿಯುತ್ತಿದ್ದರೆ ಆ ಸಂಬಳವನ್ನೇ ಆಧಾರವಾಗಿಟ್ಟು ಮನೆಯ ನಕ್ಷೆ ಸಿದ್ಧವಾಗುತ್ತದೆ. ನೌಕರಿಯ ಕರಾರು ಕೆಲವೇ ವರ್ಷಗಳದ್ದು, ಸಾಲದ ಅವಧಿಯಾದರೋ 15 ಅಥವಾ 20 ವರ್ಷಗಳದ್ದು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈಟಿಗೆ ನುಗ್ಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಗಂಟುಮೂಟೆಯನ್ನೂ ಬಿಟ್ಟು ತಾಯ್ನಾಡಿಗೆ ಮರಳಬೇಕಾಯಿತು. 2020ರಲ್ಲಿ ಕೊರೊನಾ ಕಾಲದಲ್ಲಿಯೂ ಅನೇಕರ ಸಂಬಳ ನಿಂತಿತು. ಆದುದರಿಂದ ಪರದೇಶದ ದುಡಿಮೆಯನ್ನು ನಿವೇಶನದ ಖರೀದಿಗೆ, ಮುಂಗಡಕ್ಕೆ, ಸಾಲವನ್ನು ಬೇಗ ತೀರಿಸುವುದಕ್ಕೆ ಬಳಸೋಣ. ತಿಂಗಳ ಕಂತು ಮಾತ್ರ ಊರಿನಲ್ಲಿಯೇ ಹುಟ್ಟುವ ಆದಾಯದಿಂದ ತೀರುವಂತಿರಲಿ ಎಂಬುದು ನಮ್ಮ ವಿನಮ್ರ ಸಲಹೆ.

ಲೆಕ್ಕ ಕಠಿಣವೇನಲ್ಲ. ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಪಡೆದ ಪ್ರತಿ ಒಂದು ಲಕ್ಷ ರೂ. ಸಾಲಕ್ಕೆ ತಿಂಗಳಿಗೆ ಸುಮಾರು 900 ರೂ. ಕಂತು ಬರುತ್ತದೆ. 20 ಲಕ್ಷಕ್ಕೆ ಸುಮಾರು 18,000 ರೂ. ಅವಧಿ ಮುಗಿಯುವಾಗ ಕಟ್ಟಿದ ಒಟ್ಟು ಮೊತ್ತ 43 ಲಕ್ಷ ದಾಟಿರುತ್ತದೆ. ಅದೇ ಸಾಲವನ್ನು 15 ವರ್ಷಗಳಲ್ಲಿ ತೀರಿಸಿದರೆ ಕಂತು ಸುಮಾರು 20,300 ರೂ. ಆದರೂ ಒಟ್ಟಿನಲ್ಲಿ ಆರೂವರೆ ಲಕ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಊರಿನ ಆದಾಯದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಕಂತಿಗೆ ಇಡಬಾರದು. ತಿಂಗಳಿಗೆ 30,000 ರೂ. ಬರುವ ಮನೆಗೆ 11 ಲಕ್ಷದ ಸಾಲವೇ ಮಿತಿ. ಬ್ಯಾಂಕು ಅದಕ್ಕಿಂತ ಹೆಚ್ಚು ಕೊಡಲು ಮುಂದೆ ಬರಬಹುದು. ಆದರೆ ಬ್ಯಾಂಕು ಕೊಡುವಷ್ಟೆಲ್ಲವೂ ನಮಗೆ ತೀರಿಸಲು ಸಾಧ್ಯವಾದದ್ದೆಂದು ಭಾವಿಸಬಾರದು.

ಬಡ್ಡಿದರವೂ ಸ್ಥಿರವಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. 2025ರಲ್ಲಿ ಅದು ಮತ್ತೆ ಇಳಿಯಿತಾದರೂ ಆ ನಡುವೆ ಎಷ್ಟೋ ಮನೆಗಳ ಕಂತು ಹೆಚ್ಚಿತು ಅಥವಾ ಸಾಲದ ಅವಧಿ ವರ್ಷಗಟ್ಟಲೆ ಉದ್ದವಾಯಿತು. ಆರು ತಿಂಗಳ ಕಂತಿನಷ್ಟು ಹಣವನ್ನು ಮುಟ್ಟದೆ ಠೇವಣಿಯಿಟ್ಟವರಿಗೆ ಇಂತಹ ಏರಿಳಿತಗಳ ಭಯ ಕಡಿಮೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು 2012ರಲ್ಲಿಯೇ ರಿಸರ್ವ್ ಬ್ಯಾಂಕು ಆದೇಶಿಸಿದೆ. ಕೈಗೆ ಬಂದ ಹೆಚ್ಚುವರಿ ಹಣವನ್ನು ಅಸಲಿಗೆ ಕಟ್ಟುವುದು ಜಾಣತನ.

ಕಣ್ಣಿಗೆ ಕಾಣದ ಖರ್ಚುಗಳು ಇನ್ನಷ್ಟಿವೆ. ನಿವೇಶನ ಕೊಳ್ಳುವಾಗ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. 10 ಲಕ್ಷದ ಜಾಗಕ್ಕೆ 70,000 ರೂ.ಗಿಂತ ಹೆಚ್ಚು ಬೇಕು, ಅದನ್ನು ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು. ಬಾವಿ, ಆವರಣ ಗೋಡೆ, ವಿದ್ಯುತ್ ಸಂಪರ್ಕಗಳಿಗೆ ಬೇರೆ. ಸಮುದ್ರ, ಹೊಳೆಗಳ ಸಮೀಪದ ಜಾಗವಾದರೆ ಬೇಸಗೆಯಲ್ಲಿ ನೀರು ಉಪ್ಪಾಗುವುದೇ ಎಂದು ನೆರೆಯವರನ್ನು ಕೇಳಿ, ಕರಾವಳಿ ನಿಯಂತ್ರಣ ವಲಯದ ನಿರ್ಬಂಧವನ್ನೂ ವಿಚಾರಿಸಬೇಕು. ಪಹಣಿ, ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ, ಗ್ರಾಮ ಪಂಚಾಯತಿನ ನಮೂನೆ 9 ಮತ್ತು 11, ಹಾಗೂ ದಾರಿಯ ಹಕ್ಕನ್ನು ವಕೀಲರಿಂದ ಪರಿಶೀಲಿಸದೆ ಮುಂಗಡ ಕೊಡಬಾರದು. 1974ರ ಭೂಸುಧಾರಣೆಯ ಬಳಿಕ ಡಿಕ್ಲರೇಶನ್ ಮೂಲಕ ಬಂದ ಹಿರಿಯರ ಜಾಗದಲ್ಲಿ ಕಟ್ಟುವವರು ಮೊದಲು ಪಾಲುಪಟ್ಟಿ ಮಾಡಿಕೊಳ್ಳಲಿ. ಪಾಲಾಗದ ಜಾಗಕ್ಕೆ ಸಾಲ ದೊರೆಯುವುದು ಕಷ್ಟ, ಒಡಹುಟ್ಟಿದವರಲ್ಲಿ ಮನಸ್ತಾಪ ಹುಟ್ಟುವುದು ಸುಲಭ.

ಮನೆ ಎಷ್ಟು ದೊಡ್ಡದಿರಬೇಕು? ಮಕ್ಕಳೆಲ್ಲ ಹೊರಗಿದ್ದು ವೃದ್ಧ ತಂದೆತಾಯಿಯರಿಬ್ಬರೇ ಇರುವಲ್ಲಿ ಮಾಳಿಗೆಯ ಮೇಲೆ ಮೂರು ಕೋಣೆ ಯಾರಿಗಾಗಿ? ಎರಡು ಕೋಣೆಯ ಮನೆಯನ್ನು ಸಾಲದ ಭಾರವಿಲ್ಲದೆ ಮುಗಿಸಿ, ಮುಂದೆ ಮೇಲೆ ಕಟ್ಟಲು ಅವಕಾಶವಿಟ್ಟುಕೊಳ್ಳಬಹುದು. ಗಟ್ಟಿಯಾದ ಹಳೆಯ ಹೆಂಚಿನ ಮನೆಯಿದ್ದರೆ ಮಾಡನ್ನು ದುರಸ್ತಿಗೊಳಿಸಿ ಬಾಳುವುದರಲ್ಲಿ ಅವಮಾನವಿಲ್ಲ. ಗೃಹಾಶೀರ್ವಾದದ ಔತಣಕ್ಕೆ ಸಾಲ ಮಾಡುವ ಪದ್ಧತಿಯಂತೂ ನಿಲ್ಲಲೇಬೇಕು. ಪ್ರಾರ್ಥನೆಗೆ ಬೇಕಾದುದು ವಾಳೆಯ ನೆರೆಹೊರೆಯವರೇ ಹೊರತು ಶಾಮಿಯಾನವಲ್ಲ.

ಈಗಾಗಲೇ ಕಷ್ಟಕ್ಕೆ ಸಿಲುಕಿದವರಿಗೂ ಒಂದು ಮಾತು. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಸಾಲವು ಅನುತ್ಪಾದಕವೆನಿಸುತ್ತದೆ. ಬಳಿಕ 2002ರ ಕಾಯಿದೆಯಂತೆ 60 ದಿನಗಳ ನೋಟೀಸು ನೀಡಿ ಮನೆಯನ್ನು ವಶಪಡಿಸಿಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಆದ್ದರಿಂದ ಮೊದಲ ಕಂತು ತಪ್ಪುವ ಮುನ್ನವೇ ವ್ಯವಸ್ಥಾಪಕರನ್ನು ಕಂಡು ಅವಧಿ ವಿಸ್ತರಣೆಗೆ ವಿನಂತಿಸಬೇಕು. ಮರ್ಯಾದೆಗೆ ಅಂಜಿ ಕೈಸಾಲದಿಂದ ಕಂತು ಕಟ್ಟಿದರೆ ಒಂದು ಹೊಂಡದಿಂದ ಇನ್ನೊಂದಕ್ಕೆ ಬಿದ್ದಂತೆ.

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಆಸೆಯನ್ನು ಚಿವುಟಲು ಅಲ್ಲ, ನಿದ್ದೆಯನ್ನು ಉಳಿಸಲು. ಸಂಜೆಯ ತೇರ್ಸದ ವೇಳೆ ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಒಟ್ಟಿಗೆ ಕುಳಿತುಕೊಳ್ಳುವ ಮನೆಯೇ ನಿಜವಾಗಿ ದೊಡ್ಡ ಮನೆ. ಈ ಬಾರಿ ಪಂಚಾಂಗ ಹಾಕಲಿರುವ ಕುಟುಂಬಗಳು ಒಂದು ಸಂಜೆ ಕಾಗದ, ಪೆನ್ನು ಹಿಡಿದು ಜೊತೆಯಾಗಿ ಕುಳಿತುಕೊಳ್ಳಲಿ ಎಂದು ನಾವು ಹಾರೈಸುತ್ತೇವೆ.