ಮಂಡ್ಯಕ್ಕೆ ಸೈಕಲ್ಲು, ಗಲ್ಲಾದ ಮೇಲೆ ನಿದ್ದೆ!

ಮೈಸೂರು: ಮೇಸ್ತ್ರಿ ಕೇಳಿದ್ದು ಎರಡಿಂಚಿನ ಮೊಳೆ ಎರಡು ಕಿಲೋ. ಯಜಮಾನರು ತೂಗಿಕೊಟ್ಟದ್ದು ಐದು ಕಿಲೋ. ದುಡ್ಡು ತೆಗೆದುಕೊಂಡದ್ದು ಮಾತ್ರ ಎರಡೇ ಕಿಲೋದ್ದು. ಮೇಸ್ತ್ರಿ ಪ್ರಾಮಾಣಿಕ ಮನುಷ್ಯ. ‘ಏನ್ ಯಜಮಾನ್ರೇ, ಇವತ್ತು ಧರ್ಮಕ್ಕೆ ಅಂಗಡಿ ತೆಗೆದಿದ್ದೀರಾ?’ ಎಂದು ನಕ್ಕು ಚೀಲವನ್ನು ಮತ್ತೆ ತಕ್ಕಡಿಯ ಮೇಲಿಟ್ಟ. ಯಜಮಾನರು ನಗಲಿಲ್ಲ. ಏಕೆಂದರೆ ಆ ವಾರ ಹೀಗಾದದ್ದು ಅದು ಮೂರನೆಯ ಸಲ.

ನಗರದ ಈ ಹಾರ್ಡ್‌ವೇರ್ ಅಂಗಡಿ ಯಜಮಾನರಿಗೆ ವಯಸ್ಸು 38. ಕುಡಿತವಿಲ್ಲ, ಇಸ್ಪೀಟಿಲ್ಲ. ಹೆಸರು ಮಾತ್ರ ಬೇಡ ಎನ್ನುತ್ತಾರೆ. ‘ಈಗಾಗಲೇ ಬೀದಿಯವರೆಲ್ಲಾ ನಗ್ತಿದ್ದಾರೆ, ಸಾಕು’ ಎಂಬುದು ಅವರ ಮಾತು. ಅವರಿಗೆ ಹಿಡಿದಿರುವುದು ಬೇರೆಯೇ ಗೀಳು. ಅದಕ್ಕೆ ಟ್ರಯಾಥ್ಲಾನ್ ಎಂದು ಹೆಸರು.

ಏನಿದು ಮಹರಾಯರೇ?

ಮೊದಲು ಈಜು, ಆಮೇಲೆ ಸೈಕಲ್ಲು, ಆಮೇಲೆ ಓಟ. ನಡುವೆ ಊಟವಿಲ್ಲ, ವಿಶ್ರಾಂತಿಯಿಲ್ಲ. ಇದರಲ್ಲಿ ದೊಡ್ಡಣ್ಣ ಎಂದರೆ ‘ಐರನ್‌ಮ್ಯಾನ್’. ಈಜು 3.8 ಕಿ.ಮೀ., ಸೈಕಲ್ 180 ಕಿ.ಮೀ., ಓಟ 42 ಕಿ.ಮೀ. ಬಸ್ಸಿನಲ್ಲಿ ಓಡಾಡುವವರಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ಮೈಸೂರಿನಿಂದ ಮಂಡ್ಯಕ್ಕೆ ಎರಡು ಸಲ ಹೋಗಿ ಬರುವಷ್ಟು ದೂರ ಸೈಕಲ್ ತುಳಿದು, ಆಮೇಲೆ ಮತ್ತೆ ಹೆಚ್ಚುಕಡಿಮೆ ಮಂಡ್ಯದವರೆಗೆ ಓಡಬೇಕು! ಎಲ್ಲವೂ 17 ಗಂಟೆಯೊಳಗೆ ಮುಗಿಯಬೇಕು.

ಇದು ಶುರುವಾದದ್ದು ಒಂದು ವಾದದಿಂದ. ಈಜುವವರು ಗಟ್ಟಿಯೋ, ಸೈಕಲ್ ತುಳಿಯುವವರೋ, ಓಡುವವರೋ ಎಂದು ಹವಾಯಿ ದ್ವೀಪದಲ್ಲಿ ಮಾತಿಗೆ ಮಾತು ಬೆಳೆಯಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ಮೂರನ್ನೂ ಸೇರಿಸಿಯೇ ನೋಡೋಣ ಎಂದರು. 1978ರ ಫೆಬ್ರವರಿ 18ರಂದು 15 ಜನ ಹೊರಟರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್‌ಗೆ ಹಿಡಿದದ್ದು 11 ಗಂಟೆ 46 ನಿಮಿಷ 58 ಸೆಕೆಂಡು.

ಇದರ ಅರ್ಧದಷ್ಟು ದೂರದ ಸ್ಪರ್ಧೆ ಗೋವಾದ ಪಣಜಿಯಲ್ಲಿ 2019ರಲ್ಲಿ ಶುರುವಾಯಿತು. ಈಜು 1.9, ಸೈಕಲ್ 90, ಓಟ 21 ಕಿ.ಮೀ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅಲ್ಲಿ 8 ಗಂಟೆ 27 ನಿಮಿಷದಲ್ಲಿ ಮುಗಿಸಿದ ಮೇಲೆ, ಹೆಸರೇ ಕೇಳದಿದ್ದವರಿಗೂ ಇದರ ಹೆಸರು ಗೊತ್ತಾಯಿತು. ನಮ್ಮ ಹಾರ್ಡ್‌ವೇರ್ ಯಜಮಾನರು ಹೊರಟಿರುವುದೂ ಅಲ್ಲಿಗೇ.

ನಾಲ್ಕಕ್ಕೆ ಅಲಾರಂ, ಹನ್ನೊಂದಕ್ಕೆ ಹಾಸಿಗೆ

ಮೊದಲ ಮೂರು ತಿಂಗಳು ಎಲ್ಲವೂ ಚೆನ್ನಾಗಿಯೇ ಇತ್ತು. ಬೆಳಗಿನ ಜಾವ ಕೊಳದಲ್ಲಿ ಈಜು, ಕುಕ್ಕರಹಳ್ಳಿ ಕೆರೆಯ ಸುತ್ತ ಓಟ, ಭಾನುವಾರ ನಂಜನಗೂಡಿಗೆ ಸೈಕಲ್ಲು. ವಾರಕ್ಕೆ ಎಂಟು ಗಂಟೆ. ಹೊಟ್ಟೆ ಕರಗಿತು, ಹೆಂಡತಿಯೂ ಮೆಚ್ಚಿದರು.

ಆಮೇಲೆ ಬಂತು ‘ಪೀಕ್’ ಎನ್ನುವ ಕಾಲ. ಸ್ಪರ್ಧೆಗೆ ಮೊದಲು ತಾಲೀಮು ಅತ್ಯಂತ ಹೆಚ್ಚಾಗುವ ವಾರಗಳಿವು. ಎಂಟು ಗಂಟೆ ಹದಿನಾಲ್ಕಾಯಿತು. ನಂಜನಗೂಡು ಹೋಗಿ ಗುಂಡ್ಲುಪೇಟೆ ಬಂತು. ಹೋಗಿಬರುವುದಕ್ಕೆ 120 ಕಿ.ಮೀ. ಅಂಗಡಿಯ ಷಟರ್ ಎಳೆಯುವುದು ಮಾತ್ರ ಮೊದಲಿನಂತೆ ರಾತ್ರಿ ಒಂಬತ್ತೂವರೆಗೆ. ಊಟ, ಲೆಕ್ಕ ಮುಗಿಸಿ ಮಲಗುವಾಗ ಹನ್ನೊಂದು ದಾಟಿರುತ್ತದೆ. ನಾಲ್ಕಕ್ಕೆ ಅಲಾರಂ. ಐದು ಗಂಟೆಯ ನಿದ್ದೆಯೂ ಇಲ್ಲ.

ಗಲ್ಲಾದ ಮೇಲೆ ತೂಕಡಿಕೆ ಶುರುವಾಯಿತು. ಹುಡುಗರ ಮೇಲೆ ರೇಗಾಟ ಹೆಚ್ಚಾಯಿತು. ವಿಚಿತ್ರವೆಂದರೆ, ಹಗಲೆಲ್ಲಾ ನಿದ್ದೆ ಎಳೆಯುವ ಮನುಷ್ಯನಿಗೆ ರಾತ್ರಿ ಹಾಸಿಗೆಗೆ ಬಿದ್ದರೆ ಕಣ್ಣು ಮುಚ್ಚದು. ಓಟ ನಿಧಾನವಾಯಿತು. ನಿಧಾನವಾಯಿತಲ್ಲ ಎಂದು ಇನ್ನೂ ಹೆಚ್ಚು ಓಡಿದರು. ಇನ್ನೂ ನಿಧಾನವಾಯಿತು.

‘ರೀ, ನೀವು ಮನೇಲಿ ಇದ್ದರೂ ಇಲ್ಲದ ಹಾಗೇ ಆಗೋಯ್ತಲ್ರೀ’ ಎಂದರು ಮನೆಯವರು. ಮಗಳು ಹೋಂವರ್ಕ್ ತೋರಿಸಿದರೆ ಪುಸ್ತಕ ಕೈಯಲ್ಲಿದ್ದಂತೆಯೇ ಅಪ್ಪನಿಗೆ ನಿದ್ದೆ.

ಕೊನೆಗೆ ಒಂದು ಭಾನುವಾರ, ಗುಂಡ್ಲುಪೇಟೆಯಿಂದ ವಾಪಸು ಬರುವಾಗ ನಂಜನಗೂಡಿನ ಹತ್ತಿರ ಸೈಕಲ್ಲಿನ ಮೇಲೆಯೇ ಕಣ್ಣು ಮುಚ್ಚಿತು. ಒಂದೇ ಕ್ಷಣ. ಹಿಂದಿನಿಂದ ಬಂದ ಲಾರಿಯ ಹಾರನ್ನಿಗೆ ಎಚ್ಚರವಾದಾಗ ಸೈಕಲ್ ರಸ್ತೆಯ ನಡುವಿಗೆ ಬಂದಿತ್ತು. ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದರು. ಅರ್ಧ ಗಂಟೆ ಕೈಕಾಲು ನಡುಗುತ್ತಾ ಮರದ ಕೆಳಗೆ ಕೂತಿದ್ದರಂತೆ. ಸ್ಪರ್ಧೆಗೆ ಇನ್ನು ಐದು ವಾರ.

ಬಲ ಬರುವುದು ಯಾವಾಗ?

ಮಾರನೆಯ ದಿನ ತರಬೇತುದಾರರ ಬಳಿ ಹೋದರು. ಅವರು ಕೇಳಿದ ಮೊದಲ ಪ್ರಶ್ನೆ: ‘ಅಂಗಡಿಗೆ ದಿನಾ ಮಾಲು ಹೊರಗೆ ಹೋಗ್ತಾ ಇದ್ದು, ಒಳಗೆ ಬರದೇ ಇದ್ರೆ ಏನಾಗುತ್ತೆ ಸಾರ್?’ ಯಜಮಾನರು ಉತ್ತರ ಕೊಡಲಿಲ್ಲ. ಕೊಡಬೇಕಾದ್ದೂ ಇರಲಿಲ್ಲ.

ತಾಲೀಮು ಮಾಡುವಾಗ ಯಾರಿಗೂ ಬಲ ಬರುವುದಿಲ್ಲ. ಆಗ ಆಗುವುದು ಸವೆತ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ, ಎಳೆಗಳು ಸಣ್ಣಗೆ ಹರಿಯುತ್ತವೆ. ಉಂಡು, ಮಲಗಿ, ಬಿಡುವು ಕೊಟ್ಟಾಗ ದೇಹ ಅದನ್ನು ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ಕಟ್ಟುತ್ತದೆ. ಬಿಡುವೇ ಇಲ್ಲದಿದ್ದರೆ ಸವೆತ ಮಾತ್ರ ಉಳಿಯುತ್ತದೆ.

ಯೂರೋಪು ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ ಸಂಸ್ಥೆಗಳು 2013ರಲ್ಲಿ ಕೂಡಿ ಹೊರಡಿಸಿದ ಹೇಳಿಕೆಯಲ್ಲಿ ಈ ದಣಿವಿಗೆ ಮೂರು ಮೆಟ್ಟಿಲು ಹೇಳಿವೆ. ಮೊದಲನೆಯದು ಬೇಕಾದ ದಣಿವೇ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದ ಬಿಡುವಿನಲ್ಲಿ ಹೋಗುತ್ತದೆ, ಬಲ ಕೊಟ್ಟು ಹೋಗುತ್ತದೆ. ಎರಡನೆಯದು ಬೇಡದ್ದು, ಸುಧಾರಿಸಲು ವಾರಗಳಿಂದ ತಿಂಗಳುಗಳೇ ಬೇಕು, ಲಾಭ ಏನೂ ಇಲ್ಲ. ಮೂರನೆಯದು ‘ಓವರ್‌ಟ್ರೈನಿಂಗ್’. ಅದಕ್ಕೆ ಬಿದ್ದರೆ ಅನೇಕ ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಬೇಕು. ತೊಂದರೆ ಏನೆಂದರೆ, ಯಾವ ಮೆಟ್ಟಿಲ ಮೇಲೆ ನಿಂತಿದ್ದೇವೆ ಎಂದು ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇಲ್ಲ. ಹಲವು ಗುರುತುಗಳನ್ನು ಒಟ್ಟಿಗೆ ನೋಡಬೇಕು.

ಶ್ರಮಕ್ಕೂ ಒಂದು ಖಾತೆ

ಇಲ್ಲಿಂದ ಯಜಮಾನರಿಗೆ ವಿಷಯ ಅರ್ಥವಾಗತೊಡಗಿತು. ಏಕೆಂದರೆ ಇದು ಲೆಕ್ಕದ ಮಾತು.

ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ರೂಢಿಗೆ ತಂದ ಒಂದು ಸುಲಭ ಪದ್ಧತಿಯಿದೆ. ತಾಲೀಮು ಮುಗಿದು ಸ್ವಲ್ಪ ಹೊತ್ತಾದ ಮೇಲೆ ‘ಎಷ್ಟು ಕಷ್ಟವಾಯಿತು?’ ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಕೊಳ್ಳುವುದು. ಅದನ್ನು ನಿಮಿಷದಿಂದ ಗುಣಿಸುವುದು. 60 ನಿಮಿಷದ ಈಜಿಗೆ 4 ಅಂಕವಾದರೆ 240. 90 ನಿಮಿಷದ ಓಟಕ್ಕೆ 6 ಅಂಕವಾದರೆ 540. ವಾರಕ್ಕೊಮ್ಮೆ ಕೂಡುವುದು. ಪೆನ್ನು, ಕಾಗದ ಸಾಕು. ಸಾವಿರಾರು ರೂಪಾಯಿ ಗಡಿಯಾರ ಬೇಕಿಲ್ಲ.

ಯಜಮಾನರು ಹಳೆಯದನ್ನೆಲ್ಲ ನೆನಪು ಮಾಡಿ ಅಂದಾಜು ಲೆಕ್ಕ ಹಾಕಿದರು. ಆರು ವಾರದ ಹಿಂದೆ 2,400 ಇದ್ದದ್ದು ಈಗ 4,200! ನಡುವೆ ಒಂದು ವಾರವೂ ಇಳಿದಿಲ್ಲ. ‘ಇಂಥಾ ಖಾತೆ ಗಿರಾಕಿದಾಗಿದ್ದರೆ ನಾನು ಕಡ ನಿಲ್ಲಿಸ್ತಿದ್ದೆ’ ಎಂದು ಅವರೇ ಒಪ್ಪಿಕೊಂಡರು.

ಸಾಮಾನ್ಯವಾಗಿ ಬಲ್ಲವರು ಮಾಡುವುದು ಹೀಗೆ: ಎರಡು ಅಥವಾ ಮೂರು ವಾರ ಏರಿಸುವುದು, ಒಂದು ವಾರ ಇಳಿಸುವುದು. ನಲವತ್ತು ಸಮೀಪಿಸಿದವರು, ದಿನವಿಡೀ ನಿಂತು ದುಡಿಯುವವರು ಎರಡೇ ವಾರಕ್ಕೆ ಇಳಿಸಿದರೆ ಒಳ್ಳೆಯದು. ಅಂಗಡಿಯಲ್ಲಿ ಮೂಟೆ ಎತ್ತಿದ್ದು, ಬಸ್ಸಿನಲ್ಲಿ ನಿಂತು ಬಂದದ್ದು, ಮನೆಯ ಚಿಂತೆ ಎಲ್ಲವೂ ದೇಹಕ್ಕೆ ಖರ್ಚೇ.

ಇನ್ನೊಂದು ಗುರುತು ಬೆಳಗಿನ ನಾಡಿ. ಹಾಸಿಗೆಯಿಂದ ಏಳುವ ಮುಂಚೆ ಒಂದು ನಿಮಿಷ ಎಣಿಸುವುದು. ಯಜಮಾನರದ್ದು ಮೊದಲು 56 ಇದ್ದದ್ದು ಈಗ 66. ಒಂದು ದಿನ ಏರಿದರೆ ಗಾಬರಿ ಬೇಡ. ಸೆಖೆ, ನೆಗಡಿ, ತಡವಾದ ಊಟ ಏನಾದರೂ ಇರಬಹುದು. ನಾಲ್ಕೈದು ದಿನ ಏರಿಯೇ ಇದ್ದು, ಜೊತೆಗೆ ನಿದ್ದೆ ಕೆಟ್ಟು, ಸಿಡುಕು ಹೆಚ್ಚಿ, ಓಟ ನಿಧಾನವಾದರೆ ಆಗ ನಿಲ್ಲಬೇಕು.

ಟೀಚರ್ ಕಥೆ ಬೇರೆ

ಎಲ್ಲ ದಣಿವೂ ತಾಲೀಮಿನದ್ದಲ್ಲ. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಮೈಸೂರಿಗೆ ಬರುವ ಶಿಕ್ಷಕಿಯೊಬ್ಬರು ಇದೇ ತಂಡದಲ್ಲಿದ್ದಾರೆ. ಮೆಟ್ಟಿಲು ಹತ್ತಿದರೂ ಏದುಸಿರು. ‘ತಾಲೀಮು ಜಾಸ್ತಿಯಾಯ್ತು’ ಎಂದು ಒಂದು ವಾರ ಬಿಟ್ಟರು, ಹೋಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಕೂಡ ತಳ ಕಂಡಿತ್ತು.

ವೈದ್ಯರು ಮಾತ್ರೆ ಕೊಟ್ಟರು. ಊಟದ ಜೊತೆಗೇ ಕಾಫಿ ಕುಡಿಯುವುದನ್ನು ಬಿಡಿಸಿದರು, ಏಕೆಂದರೆ ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದರು. ಕಬ್ಬಿಣದ ಮಾತ್ರೆಯನ್ನು ಪರೀಕ್ಷೆಯಿಲ್ಲದೆ ತಾವಾಗಿ ನುಂಗುವುದು ಸಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆಯೂ ಇದೇ ವೇಷದಲ್ಲಿ ಬರುತ್ತವೆ. ಜ್ವರವಿದ್ದಾಗ ಓಡಬಾರದು, ಹೃದಯದ ಸ್ನಾಯುವಿಗೆ ಉರಿಯೂತ ಬರುವ ಅಪಾಯವಿದೆ. ಎದೆನೋವು, ತಲೆತಿರುಗು ಬಂದರೆ ನೇರ ಆಸ್ಪತ್ರೆಗೆ.

ತಟ್ಟೆಯಲ್ಲೇ ಇದೆ ಮದ್ದು

ಯಜಮಾನರ ಮತ್ತೊಂದು ತಪ್ಪು ಊಟದ್ದು. ತೂಕ ಇಳಿದರೆ ವೇಗ ಬರುತ್ತದೆಂದು ರಾತ್ರಿ ಅನ್ನ ಬಿಟ್ಟಿದ್ದರು. ದಿನಕ್ಕೆ ಒಂದರಿಂದ ಮೂರು ಗಂಟೆ ತಾಲೀಮು ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ 6ರಿಂದ 10 ಗ್ರಾಂ ಪಿಷ್ಟ ಬೇಕು. 70 ಕಿಲೋ ಮನುಷ್ಯನಿಗೆ ಕನಿಷ್ಠ 420 ಗ್ರಾಂ ಆಯಿತು. ಅನ್ನ, ಮುದ್ದೆ, ಇಡ್ಲಿ, ಚಪಾತಿ ಯಾವುದಾದರೂ ಸರಿ, ಹೊಟ್ಟೆ ತುಂಬ ಇರಬೇಕು. ಜೊತೆಗೆ ಬೇಳೆ, ಮೊಸರು, ಮೊಟ್ಟೆ. ದೂರದ ಸೈಕಲ್ ಸವಾರಿಯಲ್ಲಿ ಗಂಟೆಗೆ 60 ಗ್ರಾಂನಷ್ಟು ಪಿಷ್ಟ ಹೋಗಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಇರುವುದು ಸುಮಾರು 25. ಬರೀ ನೀರು ಕುಡಿದು ಗುಂಡ್ಲುಪೇಟೆಗೆ ಹೋಗಿಬಂದದ್ದು ಶೌರ್ಯವಲ್ಲ, ಸಾಲ.

ನಿದ್ದೆ ಏಳರಿಂದ ಒಂಬತ್ತು ಗಂಟೆ. ಅಂಗಡಿಯವರಿಗೆ ಇದೆಲ್ಲಿ ಸಾಧ್ಯ ಸ್ವಾಮಿ? ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ವಾರದಲ್ಲಿ ಎರಡು ದಿನ ಬೆಳಗಿನ ತಾಲೀಮೇ ಇಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಹಿಂದಿನ ಕೋಣೆಯಲ್ಲಿ 25 ನಿಮಿಷ ನಿದ್ದೆ. ರಾತ್ರಿ ಲೆಕ್ಕವನ್ನು ತಮ್ಮನಿಗೆ ವಹಿಸಿ ಒಂಬತ್ತಕ್ಕೇ ಮನೆ.

ನಿಧಾನವೇ ಗೆದ್ದ ಕಥೆ

ನಿಲ್ಲಿಸಿದರೆ ಕಲಿತದ್ದೆಲ್ಲ ಹೋಗಿಬಿಡುತ್ತದೆಂಬ ಭಯ ಎಲ್ಲರಿಗೂ ಇದೆ. ತರಬೇತುದಾರರು ಹೇಳಿದ್ದು ಮಾರ್ಕ್ ಅಲೆನ್ ಕಥೆ. ಹವಾಯಿಯಲ್ಲಿ ಹಲವು ಸಲ ಸೋತ ಅಮೆರಿಕದ ಆಟಗಾರ. ದಿನಾ ಜೋರಾಗಿ ಓಡುವುದನ್ನು ಬಿಟ್ಟು, ನಾಡಿ 155 ದಾಟದಂತೆ ನಿಧಾನವಾಗಿ ತಾಲೀಮು ಮಾಡುವ ಕ್ರಮ ಹಿಡಿದಾಗ, ಮೊದಮೊದಲು ಒಂದು ಮೈಲಿಗೆ ಎಂಟು ನಿಮಿಷದ ಮೇಲಾಗುತ್ತಿತ್ತು. ತಾಳ್ಮೆ ಕೆಡಲಿಲ್ಲ. 1989ರಲ್ಲಿ ಡೇವ್ ಸ್ಕಾಟ್ ಅವರನ್ನು 58 ಸೆಕೆಂಡುಗಳಿಂದ ಹಿಂದೆ ಹಾಕಿ ಗೆದ್ದರು. 1993ರವರೆಗೆ ಸತತ ಐದು ಸಲ ಅವರದ್ದೇ ಗೆಲುವು. 1994ರಲ್ಲಿ ಹವಾಯಿಗೆ ಹೋಗಲೇ ಇಲ್ಲ. 1995ರಲ್ಲಿ, 37ನೆಯ ವಯಸ್ಸಿನಲ್ಲಿ, ಮರಳಿ ಬಂದು ಆರನೆಯ ಸಲ ಗೆದ್ದರು. ವರ್ಷ ಬಿಟ್ಟವರಿಗೇ ಏನೂ ಹೋಗಲಿಲ್ಲ, ಒಂದು ವಾರಕ್ಕೆ ಹೋಗುತ್ತದೆಯೇ?

ಇನ್ನುಳಿದದ್ದು ಐದು ವಾರ

ಈಗ ಯಜಮಾನರ ಅಂಗಡಿಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನ ಗುರುತುಗಳಿವೆ. ಮೊದಲ ವಾರ ಪೂರ್ತಿ ಇಳಿಕೆ, ಲೆಕ್ಕ 2,000 ದಾಟಕೂಡದು. ನಾಡಿ, ನಿದ್ದೆ ಸರಿಹೋದರೆ ಮಾತ್ರ ಎರಡು ವಾರ ಏರಿಕೆ. ಕೊನೆಯ ಎರಡು ವಾರ ಮತ್ತೆ ಇಳಿಕೆ. ಈ ಕೊನೆಯ ಇಳಿಕೆಯಲ್ಲಿ ತಾಲೀಮಿನ ಹೊತ್ತನ್ನು ಶೇಕಡಾ 40ರಿಂದ 60ರಷ್ಟು ಕಡಿಮೆ ಮಾಡಿ, ವೇಗವನ್ನೂ ದಿನಗಳನ್ನೂ ಹಾಗೆಯೇ ಉಳಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳಿದ್ದಾರೆ.

ಸರಿಹೋಗದಿದ್ದರೆ? ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಬೀದಿಯವರು ಕೇಳುತ್ತಾರೆ. ‘ಕೇಳಲಿ ಬಿಡಿ. ಆ ಲಾರಿಯವನು ಬ್ರೇಕ್ ಹಾಕದೇ ಇದ್ದಿದ್ರೆ ಯಾರನ್ನ ಕೇಳ್ತಿದ್ರು? ಸರಿಹೋಗಲಿಲ್ಲ ಅಂದ್ರೆ ಮುಂದಿನ ವರ್ಷ ಹೋಗ್ತೀನಿ’ ಎಂದರು.

ಕಳೆದ ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆ ರಸ್ತೆಯಲ್ಲಿ ಅವರ ಸೈಕಲ್ ಕಾಣಲಿಲ್ಲ. ಏಳು ಗಂಟೆಗೆ ಎದ್ದು, ಮಗಳ ಲೆಕ್ಕದ ಪುಸ್ತಕ ತೆಗೆಸಿದರಂತೆ. ಸೋಮವಾರ ಅದೇ ಮೇಸ್ತ್ರಿ ಮತ್ತೆ ಬಂದ. ಎರಡು ಕಿಲೋ ಮೊಳೆ ಕೇಳಿದ. ಎರಡು ಕಿಲೋನೇ ಬಂತು. ಚಿಲ್ಲರೆಯೂ ಸರಿಯಾಗಿತ್ತು.